ಹೆಪ್ಪುಗಟ್ಟದ ಕೊಳದ ಚಳಿಗಾಲ

ಹೋದ ಡಿಸೆಂಬರ್‌ನ ಒಂದು ಬೆಳಿಗ್ಗೆ, ರಾಜಾಜಿನಗರದ ಪ್ರೌಢಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠದ ವಿಷಯ ನೀರಿನ ಅಸಂಗತ ವ್ಯಾಕೋಚನ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದೆ, ಅದಕ್ಕಿಂತ ತಣ್ಣಗಾದ ನೀರು ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ, ಮೀನುಗಳು ಮಂಜುಗಡ್ಡೆಯ ಕೆಳಗೆ ಬದುಕಿರುತ್ತವೆ. ಚಾರ್ಟು ಅಚ್ಚುಕಟ್ಟಾಗಿತ್ತು, ಕಪ್ಪುಹಲಗೆಯ ಕೆಲಸವೂ ಚೆನ್ನಾಗಿತ್ತು. ಪಾಠ ಮುಗಿಯಲು ಐದು ನಿಮಿಷವಿದ್ದಾಗ ಮೂರನೆಯ ಸಾಲಿನ ಹುಡುಗನೊಬ್ಬ ಎದ್ದುನಿಂತ.

"ಮಿಸ್, ನಮ್ಮನೆ ಹಿಂದೆ ತೊಟ್ಟೀಲಿ ಮೀನಿದೆ. ಐಸ್ ಏನೂ ಆಗಲ್ಲ. ಆದ್ರೂ ಚಳಿ ಬಂದಾಗಿಂದ ಮೀನು ಸರಿಯಾಗಿ ತಿಂತಿಲ್ಲ. ಬೆಳಿಗ್ಗೆ ನೋಡಿದ್ರೆ ಮೇಲೆ ಬಂದು ಬಾಯಿ ಬಾಯಿ ಬಿಡತ್ತೆ. ಹಸಿವಿದ್ರೆ ಯಾಕೆ ತಿನ್ನಲ್ಲ?"

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ಆಮೇಲೆ "ಅದು ಈ ಪಾಠಕ್ಕೆ ಬರೋದಿಲ್ಲ, ಕೂತ್ಕೊ" ಎಂದರು. ಹುಡುಗ ಕುಳಿತ. ನನ್ನ ಕೈಯಲ್ಲಿದ್ದ ವೀಕ್ಷಣಾ ನಮೂನೆಯಲ್ಲಿ 'ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಸ್ಪಂದನೆ' ಎಂಬ ಸಾಲು ಇರುತ್ತದೆ. ಅಲ್ಲಿ ಅಂಕ ಕಳೆಯಲು ಪೆನ್ನು ಎತ್ತಿದವಳು ಹಾಗೆಯೇ ನಿಂತೆ. ಅದೇ ಮೀನಿನ ಬಾಯಿಯನ್ನು ಎರಡು ವರ್ಷದ ಹಿಂದೆ ನಾನೂ ನೋಡಿದ್ದೆ, ಅದೇ ರೀತಿ ತಪ್ಪಾಗಿ ಓದಿದ್ದೆ. ಆ ತಪ್ಪಿಗೆ ಮೂರು ಮೀನು ಸತ್ತಿದ್ದವು.

ನಮ್ಮದು ಹಳೆಯ ಮನೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲದೊಳಗೆ ಇಳಿದ ಸಿಮೆಂಟಿನ ತೊಟ್ಟಿ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ ಕಾಲದಲ್ಲಿ ಕಟ್ಟಿಸಿದ್ದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನೀರು ಎರಡು ಅಡಿ ನಿಲ್ಲುತ್ತದೆ. ಘನ ಅಡಿಗೆ 28.3 ಲೀಟರಿನಂತೆ ಲೆಕ್ಕ ಹಾಕಿದರೆ ಸುಮಾರು 1,360 ಲೀಟರು. (ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಮುಂದೆ ಐದನೇ ಒಂದು ಭಾಗ ನೀರು ಬದಲಿಸಬೇಕು ಎಂದಾಗ ಎಷ್ಟು ಬಕೆಟ್ ಎಂದು ಅವರೇ ಹೇಳುತ್ತಾರೆ.) ಅದರಲ್ಲಿ ಒಂದು ಕುಂಡ ನೈದಿಲೆ, ಒಂದಿಷ್ಟು ಹೈಡ್ರಿಲ್ಲಾ, ಆಗ ಐದು ಗೋಲ್ಡ್‌ಫಿಶ್, ಲೆಕ್ಕಕ್ಕೆ ಸಿಗದಷ್ಟು ಗಪ್ಪಿ. ತೊಟ್ಟಿಯ ಮೇಲೆ ಪಕ್ಕದ ಮನೆಯವರ ಹೊಂಗೆ ಮರ ಬಾಗಿದೆ.

ಚಳಿಗಾಲದಲ್ಲಿ ಕೊಳವನ್ನು ನೋಡಿಕೊಳ್ಳುವುದು ಹೇಗೆ ಎಂದು ಹುಡುಕಿದರೆ ಸಿಗುವ ಸಲಹೆಗಳೆಲ್ಲ ಹಿಮ ಬೀಳುವ ನಾಡಿನವು. ಮಂಜುಗಡ್ಡೆಯಲ್ಲಿ ಒಂದು ಕಿಂಡಿ ತೆರೆದಿಡಿ, ಕೊಳೆತ ಅನಿಲ ಹೊರಗೆ ಹೋಗಲಿ. ಗಡ್ಡೆಯನ್ನು ಸುತ್ತಿಗೆಯಿಂದ ಒಡೆಯಬೇಡಿ, ಆಘಾತಕ್ಕೆ ಮೀನಿಗೆ ಪೆಟ್ಟಾಗುತ್ತದೆ. ದಾಲ್ ಸರೋವರದ ದಂಡೆಯವರಿಗೆ ಇವು ಉಪಯೋಗಕ್ಕೆ ಬಂದಾವು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಸಾಮಾನ್ಯ ಜನವರಿಯಲ್ಲಿ ಮುಂಜಾನೆಯ ಕನಿಷ್ಠ ಉಷ್ಣಾಂಶ 15–16 ಡಿಗ್ರಿಯ ಆಸುಪಾಸು. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ನಮಗೆ ಸ್ವೆಟರು ಬೇಕಾಗುತ್ತದೆ, ಅಷ್ಟೆ. ನೀರು ಹೆಪ್ಪುಗಟ್ಟುವ ಮಾತು ದೂರ. ಹಾಗಾದರೆ ಇಲ್ಲಿನ ಕೊಳಕ್ಕೆ ಚಳಿಗಾಲವೇ ಇಲ್ಲ ಎಂದು ನಾನು ಅಂದುಕೊಂಡಿದ್ದೆ. ಇದೆ, ಬೇರೆ ಥರದ್ದು. ಕಡಲೆಕಾಯಿ ಪರಿಷೆಯ ಹೊತ್ತಿಗೆ ಶುರುವಾಗಿ ಶಿವರಾತ್ರಿಗೆ ಶಿವ ಶಿವಾ ಎಂದು ಹೋಗುತ್ತದೆ.

ನನ್ನ ತಪ್ಪು ನಡೆದದ್ದು ಪರಿಷೆ ಮುಗಿದ ವಾರದಲ್ಲೇ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಬೆಂಗಳೂರಿಗೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ನಾಲ್ಕೈದು ದಿನ ಸೂರ್ಯನ ಮುಖ ಕಾಣುವುದಿಲ್ಲ, ಜಿಟಿಜಿಟಿ ಮಳೆ, ಒಗೆದ ಬಟ್ಟೆ ಒಣಗುವುದಿಲ್ಲ. ಅಂಥ ಮೂರನೆಯ ದಿನ ಬೆಳಿಗ್ಗೆ ಗೋಲ್ಡ್‌ಫಿಶ್‌ಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಪಾಪ, ಹಸಿದಿವೆ ಎಂದುಕೊಂಡು ಪರಿಷೆಯಿಂದ ತಂದ ಕಡ್ಲೆಪುರಿಯನ್ನು ಎರಡು ಹಿಡಿ ಹಾಕಿದೆ. ಅವು ಮುಟ್ಟಲಿಲ್ಲ. ಸಂಜೆ ಮೀನಿನ ಕಾಳು ಹಾಕಿದೆ. ಅದೂ ತೇಲಿಕೊಂಡೇ ಇತ್ತು. ಮರುದಿನ ನೋಡಿದರೆ ಕಡ್ಲೆಪುರಿ ನೆನೆದು ಬೆಳ್ಳಗೆ ಲೋಳೆಯಾಗಿ ತಳ ಸೇರಿತ್ತು, ಮೂರು ಗೋಲ್ಡ್‌ಫಿಶ್ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಪ್ಪಿಗಳಲ್ಲಿ ಎಷ್ಟು ಹೋದವೋ ಎಣಿಸಲಿಲ್ಲ. ಅವಲೋಕನಕ್ಕೂ ಊಹೆಗೂ ಇರುವ ವ್ಯತ್ಯಾಸವನ್ನು ಪ್ರತಿ ವರ್ಷ ಪ್ರಶಿಕ್ಷಣಾರ್ಥಿಗಳಿಗೆ ಹೇಳಿಕೊಡುವವಳು ನಾನು. 'ಬಾಯಿ ತೆರೆಯುತ್ತಿದೆ' ಎಂಬುದು ಅವಲೋಕನ. 'ಹಸಿದಿದೆ' ಎಂಬುದು ನಾನು ಸೇರಿಸಿದ್ದು.

ಹುಡುಗನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಎರಡನ್ನೂ ಬೇರೆ ಮಾಡಿದರೆ ಉತ್ತರ ಸಲೀಸು.

ತಿನ್ನುವುದು ಏಕೆ ಕಡಿಮೆಯಾಗುತ್ತದೆ? ಮೀನು ಶೀತರಕ್ತ ಪ್ರಾಣಿ. ಅದರ ಮೈಯ ಉಷ್ಣಾಂಶ ಸುತ್ತಲಿನ ನೀರಿನದೇ. ಉಷ್ಣಾಂಶ 10 ಡಿಗ್ರಿ ಇಳಿದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ 27–28 ಡಿಗ್ರಿ ಇರುವ ನಮ್ಮ ತೊಟ್ಟಿಯ ನೀರು ಪುಷ್ಯಮಾಸದ ಮುಂಜಾನೆ 18ಕ್ಕೆ ಬರುತ್ತದೆ. ಅಂದರೆ ಬೇಸಿಗೆಯಲ್ಲಿ ಒಂದು ಚಮಚ ಬೇಕಿದ್ದ ಮೀನಿಗೆ ಈಗ ಅರ್ಧ ಚಮಚ ಸಾಕು. ಜೀರ್ಣಿಸುವುದೂ ನಿಧಾನ. ಗೋಲ್ಡ್‌ಫಿಶ್ ಚೀನಾ ಮೂಲದ್ದು, ತಂಪು ನೀರು ಅದಕ್ಕೆ ಹೊಸದಲ್ಲ. ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ತೀರ ಮತ್ತು ಟ್ರಿನಿಡಾಡಿನ ಬಿಸಿ ನಾಡಿನದು, 18 ಡಿಗ್ರಿಗೇ ಮಂಕಾಗುತ್ತದೆ. ಒಂದೇ ತೊಟ್ಟಿಯಲ್ಲಿ ಇವೆರಡನ್ನೂ ಬೆಳಗಿನ ಹೊತ್ತು ನೋಡಿಸಿದರೆ ಮಕ್ಕಳೇ ವ್ಯತ್ಯಾಸ ಹೇಳುತ್ತಾರೆ. ನಾನೀಗ ಡಿಸೆಂಬರ್, ಜನವರಿಯಲ್ಲಿ ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ನೀರು ಸ್ವಲ್ಪ ಬೆಚ್ಚಗಾದ ಮೇಲೆ ಕಾಳು ಹಾಕುತ್ತೇನೆ. ಐದು ನಿಮಿಷದಲ್ಲಿ ತಿಂದು ಮುಗಿಸದಿದ್ದರೆ ಉಳಿದದ್ದನ್ನು ಟೀ ಸೋಸುವ ಜಾಲರಿಯಿಂದ ತೆಗೆದುಬಿಡುತ್ತೇನೆ. ಮೋಡ ಮುಚ್ಚಿದ ದಿನ ಏನೂ ಹಾಕುವುದಿಲ್ಲ.

ಬಾಯಿ ಬಿಡುವುದು ಏಕೆ? ಇಲ್ಲಿ ಪ್ರಶಿಕ್ಷಣಾರ್ಥಿಗಳು ಎಡವುವ ಒಂದು ಜಾಗವಿದೆ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ ಎಂದು ಅವರು ಓದಿರುತ್ತಾರೆ. ಸರಿಯೇ. ಸಮುದ್ರ ಮಟ್ಟದ ಲೆಕ್ಕದಲ್ಲಿ 30 ಡಿಗ್ರಿಯ ಒಂದು ಲೀಟರ್ ನೀರು ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 15 ಡಿಗ್ರಿಯದು ಸುಮಾರು 10 ಮಿಲಿಗ್ರಾಂ ಹಿಡಿಯುತ್ತದೆ. ನಮ್ಮ ಎತ್ತರಕ್ಕೆ ಇದರಲ್ಲಿ ಹತ್ತನೇ ಒಂದು ಭಾಗ ಕಳೆಯಬೇಕು. ಹಾಗಿದ್ದರೆ ಚಳಿಗಾಲದಲ್ಲಿ ಮೀನು ಆರಾಮವಾಗಿರಬೇಕಲ್ಲ? ಕೊಡ ದೊಡ್ಡದು ಎಂದ ಮಾತ್ರಕ್ಕೆ ಕೊಡ ತುಂಬಿದೆ ಎಂದಲ್ಲ. ಎಷ್ಟು ಹಿಡಿಯಬಲ್ಲದು ಎಂಬುದು ಒಂದು ಮಾತು, ಈಗ ಎಷ್ಟಿದೆ ಎಂಬುದು ಇನ್ನೊಂದು.

ಈಗ ಎಷ್ಟಿದೆ ಎಂಬುದನ್ನು ತೀರ್ಮಾನಿಸುವುದು ಹಗಲಿನ ಗಳಿಕೆ, ಇರುಳಿನ ಖರ್ಚು. ಹಗಲಲ್ಲಿ ಹೈಡ್ರಿಲ್ಲಾ ಮತ್ತು ಪಾಚಿ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಬಿಡುತ್ತವೆ. ರಾತ್ರಿ ಗಳಿಕೆ ಇಲ್ಲ. ಆದರೆ ಮೀನು, ಗಿಡ, ಪಾಚಿ, ತಳದ ಕೆಸರನ್ನು ಕೊಳೆಸುವ ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುತ್ತಲೇ ಇರುತ್ತವೆ. ಆದ್ದರಿಂದ ಯಾವ ಕಾಲದಲ್ಲೇ ಆಗಲಿ, ಕೊಳದ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಚಳಿಗಾಲದಲ್ಲಿ ಹಗಲು ಸಣ್ಣದು, ಇರುಳು ಉದ್ದ. ಅದರ ಮೇಲೆ ನಾಲ್ಕು ದಿನ ಮೋಡ ಕವಿದರೆ ಗಳಿಕೆ ಇನ್ನೂ ಇಳಿಯುತ್ತದೆ. ಮೇಲ್ಪದರದ ನೀರಿಗೆ ಮಾತ್ರ ಗಾಳಿಯಿಂದ ಅಷ್ಟಿಷ್ಟು ಆಮ್ಲಜನಕ ಸೇರುತ್ತದೆ. ಮೀನು ಬರುವುದು ಆ ಪದರ ಹುಡುಕಿಕೊಂಡು. ಅದು ಊಟ ಕೇಳುತ್ತಿಲ್ಲ, ಉಸಿರು ಹುಡುಕುತ್ತಿದೆ. ಅಂಥ ಹೊತ್ತಿನಲ್ಲಿ ನಾನು ಹಾಕಿದ ಕಡ್ಲೆಪುರಿ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟವಾಗಿ, ಉಳಿದಿದ್ದ ಆಮ್ಲಜನಕವನ್ನೂ ಅವೇ ಖರ್ಚು ಮಾಡಿದವು.

ತರಗತಿಯಲ್ಲಿ ಇದನ್ನು ತೋರಿಸುವುದಕ್ಕೆ ಹೊಸ ಉಪಕರಣ ಬೇಕಿಲ್ಲ. ಬೀಕರಿನಲ್ಲಿ ಹೈಡ್ರಿಲ್ಲಾ ಇಟ್ಟು, ಆಲಿಕೆ ಮುಚ್ಚಿ, ಮೇಲೆ ಪ್ರನಾಳ ಕವುಚುವ ಪ್ರಯೋಗ ಎಲ್ಲ ಶಾಲೆಗಳಲ್ಲೂ ನಡೆಯುತ್ತದೆ. ಅದನ್ನು ಪರೀಕ್ಷೆಯ ಚಿತ್ರವಾಗಿ ಮುಗಿಸುವ ಬದಲು, ಬಿಸಿಲಿದ್ದ ದಿನ ಒಂದು ನಿಮಿಷಕ್ಕೆ ಎಷ್ಟು ಗುಳ್ಳೆ, ಮೋಡದ ದಿನ ಎಷ್ಟು ಎಂದು ಎಣಿಸಿಸಿ. ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದ ಮೇಲೆ ಮೀನಿನ ಬಾಯಿಯ ಪ್ರಶ್ನೆ ಕೇಳಿ.

ಆ ಪ್ರಶಿಕ್ಷಣಾರ್ಥಿ ಮತ್ತೆ ಅದೇ ತರಗತಿಗೆ ಪಾಠ ಮಾಡಬೇಕೆಂದು ನಾನು ಕೇಳಿಕೊಂಡೆ. "ಮೇಡಂ, ಆ ಹುಡುಗನ ಮುಖ ನೋಡೋಕೇ ನನಗೆ ಸಂಕೋಚ" ಎಂದರು. ನನ್ನ ಸತ್ತ ಮೀನುಗಳ ಕಥೆ ಹೇಳಿದ ಮೇಲೆ ಒಪ್ಪಿಕೊಂಡರು. ಶನಿವಾರ ಬೆಳಗಿನ ಶಾಲೆ. ನಮ್ಮ ಮನೆ ಹತ್ತಿರವೇ ಆದ್ದರಿಂದ ಮುಖ್ಯ ಶಿಕ್ಷಕರ ಅನುಮತಿ ಪಡೆದು ಎಂಟು ಮಕ್ಕಳ ಗುಂಪನ್ನು ಹಿತ್ತಲಿಗೆ ಕರೆತಂದೆವು. ಎರಡು ಅಡಿ ನೀರೇ ಆದರೂ ತೊಟ್ಟಿ ತೊಟ್ಟಿಯೇ. ಅಂಚಿನಲ್ಲಿ ಒಂದು ಸಲಕ್ಕೆ ಇಬ್ಬರೇ, ಪಕ್ಕದಲ್ಲಿ ಒಬ್ಬ ದೊಡ್ಡವರು ಎಂಬ ನಿಯಮ ಮಾಡಿದ್ದೆವು.

ಉಷ್ಣಾಂಶ ಅಳೆಯಲು ಪ್ರಶಿಕ್ಷಣಾರ್ಥಿ ತಂದಿದ್ದದ್ದು ಜ್ವರ ನೋಡುವ ಥರ್ಮಾಮೀಟರು. ಅದರ ಅಳತೆ ಶುರುವಾಗುವುದೇ 35 ಡಿಗ್ರಿಯಿಂದ. ನೀರಿನಲ್ಲಿ ಎಷ್ಟು ಹೊತ್ತು ಮುಳುಗಿಸಿದರೂ ಪಾದರಸ ಅಲುಗಲಿಲ್ಲ. ಮಕ್ಕಳು ನಕ್ಕರು, ಅವರೂ ನಕ್ಕರು, ನಾನು ಪ್ರಯೋಗಾಲಯದ ಥರ್ಮಾಮೀಟರು ಕೊಟ್ಟೆ. ತಳದ ನೀರಿನ ಉಷ್ಣಾಂಶ ತಿಳಿಯುವ ಉಪಾಯವನ್ನು ಮಾತ್ರ ಬರೆದಿಟ್ಟುಕೊಳ್ಳಿ: ಸಣ್ಣ ಗಾಜಿನ ಸೀಸೆಗೆ ಕಲ್ಲು ಕಟ್ಟಿ, ಬಿರಡೆ ಹಾಕಿ, ಬಿರಡೆಗೆ ಬೇರೆ ದಾರ ಕಟ್ಟಿ ತಳಕ್ಕೆ ಇಳಿಸುವುದು. ಇಳಿದ ಮೇಲೆ ದಾರ ಎಳೆದರೆ ಬಿರಡೆ ಕಳಚಿ ತಳದ ನೀರೇ ಒಳಗೆ ತುಂಬುತ್ತದೆ. ಎರಡು ನಿಮಿಷ ಬಿಟ್ಟು ಮೇಲೆತ್ತಿ ತಕ್ಷಣ ಥರ್ಮಾಮೀಟರು ಇಡುವುದು.

ಅಳೆಯುವ ಮೊದಲು ಊಹಿಸಲು ಹೇಳಿದೆವು. ಎಂಟರಲ್ಲಿ ಐವರು ತಳದಲ್ಲಿ 4 ಡಿಗ್ರಿ ಎಂದು ಬರೆದರು! ಹಿಂದಿನ ಪಾಠದ ಫಲ. ಬೆಳಿಗ್ಗೆ ಏಳೂಕಾಲಕ್ಕೆ ಗಾಳಿ 16, ಮೇಲಿನ ನೀರು 18, ತಳದ ನೀರೂ ಹೆಚ್ಚುಕಡಿಮೆ 18. ಮಧ್ಯಾಹ್ನ ಎರಡಕ್ಕೆ ನಾನೇ ಅಳೆದು ಹೇಳಿಕಳಿಸಿದೆ: ಗಾಳಿ 27, ಮೇಲಿನ ನೀರು 22, ತಳ 20. ಗಾಳಿ 11 ಡಿಗ್ರಿ ಏರಿದಾಗ ನೀರು ಏರಿದ್ದು ಎರಡರಿಂದ ನಾಲ್ಕು ಡಿಗ್ರಿ ಮಾತ್ರ. ನೀರಿನ ವಿಶಿಷ್ಟ ಉಷ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ.

ಬೆಳಿಗ್ಗೆ ಮೇಲೂ ಕೆಳಗೂ ಒಂದೇ ಉಷ್ಣಾಂಶ ಏಕೆ ಎಂಬುದೇ ಅಂದಿನ ಮುಖ್ಯ ಪಾಠವಾಯಿತು. ರಾತ್ರಿ ಮೇಲಿನ ನೀರು ತಣ್ಣಗಾಗಿ ಸಾಂದ್ರವಾಗುತ್ತದೆ, ಕೆಳಗಿಳಿಯುತ್ತದೆ. ತಳದ ಬೆಚ್ಚನೆಯ ನೀರು ಮೇಲೇರುತ್ತದೆ. ಬೆಳಗಾಗುವ ಹೊತ್ತಿಗೆ ತೊಟ್ಟಿಯ ನೀರೆಲ್ಲ ಒಂದು ಸುತ್ತು ಮಗುಚಿರುತ್ತದೆ. 4 ಡಿಗ್ರಿಗಿಂತ ಮೇಲೆ ಇರುವವರೆಗೆ ಈ ಮಗುಚುವಿಕೆಗೆ ತಡೆಯಿಲ್ಲ. ಹಿಮದ ನಾಡಿನಲ್ಲಿ 4 ಡಿಗ್ರಿ ದಾಟಿದ ಮೇಲೆ ತಣ್ಣನೆಯ ನೀರು ಹಗುರಾಗಿ ಮೇಲೆಯೇ ನಿಲ್ಲುವುದರಿಂದ ಅಲ್ಲಿ ಅದು ನಿಂತುಹೋಗುತ್ತದೆ. ಚಾರ್ಟಿನಲ್ಲಿ ಬಾಯಿಪಾಠವಾಗಿದ್ದ ಸಂಗತಿ ನಮ್ಮ ತೊಟ್ಟಿಯ ಎದುರು ನಿಂತಾಗ 'ಹಾಗಾದ್ರೆ ನಮ್ದು ಉಲ್ಟಾ' ಎಂದು ಒಬ್ಬಳು ಹೇಳುವಷ್ಟು ಸ್ಪಷ್ಟವಾಯಿತು. ಮೂರನೆಯ ಸಾಲಿನ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಮಿಸ್, ಕೆಳಗಿನ ನೀರು ಮೇಲೆ ಬರತ್ತೆ ಅಂದ್ರೆ ಕೆಳಗಿನ ಕೊಳೆ ನೀರೂ ಬರತ್ತಲ್ವಾ?" ಬರುತ್ತದೆ. ತಳದಲ್ಲಿ ಎಲೆ ಕೊಳೆತು ಆಮ್ಲಜನಕ ಮುಗಿದ ನೀರಿದ್ದರೆ ಅದೂ ಮೇಲಿನ ನೀರಿನ ಜೊತೆ ಬೆರೆಯುತ್ತದೆ, ಅದೂ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತಿನಲ್ಲೇ. ಅವನ ಮನೆಯ ತೊಟ್ಟಿಯ ತಳದಲ್ಲಿ ಏನಿದೆ ಎಂದು ಪ್ರಶಿಕ್ಷಣಾರ್ಥಿ ಕೇಳಿದರು. "ಪೂಜೆ ಹೂವು ಅದಕ್ಕೇ ಹಾಕ್ತಾರೆ, ಅಜ್ಜಿ" ಎಂದ.

ಅಜ್ಜಿಯನ್ನು ತಪ್ಪಿತಸ್ಥರನ್ನಾಗಿ ಮಾಡದೆ ಮಾತು ಮುಂದುವರಿಸಿದ್ದಕ್ಕೆ ಆ ಪ್ರಶಿಕ್ಷಣಾರ್ಥಿಗೆ ನಾನು ಪೂರ್ತಿ ಅಂಕ ಕೊಟ್ಟೆ. "ಮುಳುಗಿದ ಹೂವನ್ನ ಮರುದಿನ ತೆಗೆದು ಗಿಡದ ಬುಡಕ್ಕೆ ಹಾಕಬಹುದಾ ಅಂತ ಅಜ್ಜೀನೇ ಕೇಳು" ಎಂದರು.

ಇನ್ನು ನಿರ್ವಹಣೆಯ ಮಾತು. ಹೆಚ್ಚಿನ ಕೆಲಸ ಚಳಿ ಇಳಿಯುವ ಮೊದಲೇ ಆಗಬೇಕು. ದೀಪಾವಳಿ ಕಳೆದ ವಾರದಲ್ಲಿ ತಳದ ಕೆಸರಿನಲ್ಲಿ ಅರ್ಧದಷ್ಟನ್ನು ತೆಗೆಯುತ್ತೇನೆ, ಪೂರ್ತಿ ಅಲ್ಲ. ಗೋಡೆಯ ಪಾಚಿಯನ್ನು ಉಜ್ಜಿ ಹೊಳಪು ಬರಿಸುವುದಿಲ್ಲ. ಮೀನಿನ ಮಲ, ಉಳಿದ ಊಟದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ಇರುವುದು ಆ ಗೋಡೆ, ಆ ಕಲ್ಲುಗಳ ಮೇಲೆ. ಚಳಿಯಲ್ಲಿ ಅವುಗಳ ಕೆಲಸ, ಬೆಳವಣಿಗೆ ಎರಡೂ ನಿಧಾನ. ಜನವರಿಯಲ್ಲಿ ತೊಟ್ಟಿ ಬರಿದು ಮಾಡಿ ಬ್ಲೀಚಿಂಗ್ ಪುಡಿ ಹಾಕಿ ತೊಳೆದರೆ ಅವು ಮತ್ತೆ ನೆಲೆಯೂರಲು ಬಹಳ ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಅಮೋನಿಯಾ ಏರುತ್ತದೆ. ನಮ್ಮ ಹಳ್ಳಿಗಳಲ್ಲಿ ಕೆರೆಯ ಹೂಳು ತೆಗೆಯುತ್ತಿದ್ದದ್ದು ನೀರು ಇಳಿದ ಬೇಸಿಗೆಯಲ್ಲಿ. ತೊಟ್ಟಿಗೂ ಅದೇ ಒಳ್ಳೆಯ ಕಾಲ.

ನೀರು ಬದಲಿಸುವುದು ಹದಿನೈದು ದಿನಕ್ಕೊಮ್ಮೆ, ಐದನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮನ್ನು ಕಾಯುವ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಡ್ರಮ್ಮಿನಲ್ಲಿ ಹಿಡಿದು ಬಾಯಿ ತೆರೆದು ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ನೀರು ತೊಟ್ಟಿಯ ಉಷ್ಣಾಂಶಕ್ಕೂ ಹತ್ತಿರ ಬರುತ್ತದೆ. ಸೊಳ್ಳೆ ಮೊಟ್ಟೆ ಇಡದಂತೆ ಡ್ರಮ್ಮಿನ ಬಾಯಿಗೆ ತೆಳು ಬಟ್ಟೆ ಕಟ್ಟಿ. ಸುರಿಯುವುದು ಮಧ್ಯಾಹ್ನ, ಮಗ್ಗಿನಿಂದ, ಸ್ವಲ್ಪ ಎತ್ತರದಿಂದ. ಹಾಗೆ ಸುರಿದಾಗ ನೀರಿನ ಜೊತೆ ಗಾಳಿಯೂ ಇಳಿಯುತ್ತದೆ. ಮೋಡದ ದಿನ ಬೆಳಿಗ್ಗೆ ಮೀನು ಮೇಲೆ ಬಂದಿದ್ದರೆ ಮಾಡಬೇಕಾದ ಮೊದಲ ಕೆಲಸವೂ ಇದೇ: ತೊಟ್ಟಿಯದೇ ನೀರನ್ನು ಮಗ್ಗಿನಲ್ಲಿ ಎತ್ತಿ ಎತ್ತಿ ಹತ್ತು ನಿಮಿಷ ಸುರಿಯುವುದು. ಗಾಳಿ ಪಂಪು ಇರುವವರು ಹಗಲಲ್ಲಿ ಅಲಂಕಾರಕ್ಕೆ ಹಾಕಿ ರಾತ್ರಿ ಆರಿಸುತ್ತಾರೆ. ಬೇಕಾಗಿರುವುದು ತಿರುಗುಮುರುಗು.

ಹೊಂಗೆ ಎಲೆ ಉದುರಿಸುವುದು ಮಾಗಿಯ ಕೊನೆಗೆ. ಹಳೆಯ ಸೊಳ್ಳೆ ಪರದೆಯೊಂದನ್ನು ತೊಟ್ಟಿಯ ಮೇಲೆ ಬಿಗಿದು ಕಟ್ಟಿದರೆ ಮುಗಿಯಿತು. ನೈದಿಲೆಯ ಹಳದಿಯಾದ ಎಲೆಗಳನ್ನು ದಂಟಿನ ಸಮೇತ ಬುಡದಲ್ಲಿ ಕತ್ತರಿಸಿ. ಹೂ ಬಿಡುವುದು ಕಡಿಮೆಯಾಯಿತೆಂದು ಈಗ ಗೊಬ್ಬರ ಹಾಕುವುದು ಬೇಡ, ಗಿಡ ಮೇಲೆಳೆದುಕೊಳ್ಳದ ಗೊಬ್ಬರ ಪಾಚಿಯ ಪಾಲಾಗುತ್ತದೆ.

ಸೊಳ್ಳೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಡೆಂಗಿ ಸಮೀಕ್ಷೆಗೆ ಬಂದ ಆರೋಗ್ಯ ಕಾರ್ಯಕರ್ತೆಯೊಬ್ಬರು ನಮ್ಮ ತೊಟ್ಟಿ ನೋಡಿ "ಇದನ್ನ ಖಾಲಿ ಮಾಡಿಸಿ ಮೇಡಂ" ಎಂದಿದ್ದರು. ಅವರ ಮಾತು ನ್ಯಾಯವೇ. ಮೀನಿಲ್ಲದ ನಿಂತ ನೀರು ಸೊಳ್ಳೆಯ ತೊಟ್ಟಿಲು. ಟಾರ್ಚ್ ಹಾಕಿ ಇಬ್ಬರೂ ಸೇರಿ ಹುಡುಕಿದೆವು, ಒಂದು ಮರಿಯೂ ಕಾಣಲಿಲ್ಲ. ಗಪ್ಪಿಗಳ ಕೆಲಸ. ಸಿಕ್ಕಿದ್ದು ತೊಟ್ಟಿಯ ಪಕ್ಕದ ಹೂಕುಂಡದ ತಟ್ಟೆಯಲ್ಲಿ! ಬೇಸಿಗೆಯಲ್ಲಿ ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗುವುದು ಚಳಿಯಲ್ಲಿ ಇನ್ನಷ್ಟು ದಿನ ತೆಗೆದುಕೊಳ್ಳುತ್ತದೆ, ನಿಲ್ಲುವುದಿಲ್ಲ. ಗಪ್ಪಿಯ ಹಸಿವೂ ಈಗ ಕುಗ್ಗಿರುವುದರಿಂದ ಅದಕ್ಕೆ ಅನ್ನ, ಬಿಸ್ಕತ್ತು ಹಾಕಿ ಹೊಟ್ಟೆ ತುಂಬಿಸಿದರೆ ಸೊಳ್ಳೆ ಮರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಊಟ ಕಡಿಮೆ ಹಾಕಲು ಇದೂ ಒಂದು ಕಾರಣ. ವಾರಕ್ಕೊಮ್ಮೆ ಟಾರ್ಚ್ ಹಾಕಿ ಮೂಲೆಗಳನ್ನು ನೋಡುವುದನ್ನು ಮಾತ್ರ ತಪ್ಪಿಸುವುದಿಲ್ಲ. ಗಪ್ಪಿಯನ್ನು ಕೆರೆ, ರಾಜಕಾಲುವೆಗೆ ಬಿಡಬೇಡಿ ಎಂದು ಮಕ್ಕಳಿಗೆ ಹೇಳಲೇಬೇಕು. ಹೊರನಾಡಿನ ಈ ಮೀನು ಸ್ಥಳೀಯ ಸಣ್ಣ ಮೀನುಗಳ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ.

ತೊಟ್ಟಿಯಿಲ್ಲದ ಶಾಲೆಯಲ್ಲಿ ಇದೆಲ್ಲ ಹೇಗೆ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಅರ್ಧಕ್ಕೆ ಕತ್ತರಿಸಿದ 200 ಲೀಟರಿನ ಡ್ರಮ್ಮು ಸಾಕು. ಸಾಧ್ಯವಾದರೆ ಮುಕ್ಕಾಲು ಭಾಗ ನೆಲದಲ್ಲಿ ಹೂಳಿ, ಮಣ್ಣಿನ ಬಿಸುಪಿನಿಂದ ಏರಿಳಿತ ಕಡಿಮೆಯಾಗುತ್ತದೆ. ಹೂಳಿದ್ದೊಂದು, ಹೂಳದ್ದೊಂದು ಇಟ್ಟು ಎರಡರ ಉಷ್ಣಾಂಶವನ್ನು ತಿಂಗಳಿಡೀ ಬರೆಸಿದರೆ ಇಂಟರ್ನ್‌ಶಿಪ್ಪಿನ ಕ್ರಿಯಾ ಸಂಶೋಧನೆಗೂ ಆಯಿತು. ಕ್ರಿಸ್‌ಮಸ್, ಸಂಕ್ರಾಂತಿ ರಜೆಯಲ್ಲಿ ಯಾರು ಬಂದು ಅಳೆಯುತ್ತಾರೆ ಎಂಬುದನ್ನು ಮೊದಲೇ ತೀರ್ಮಾನಿಸಿ. ನಮ್ಮ ವಿದ್ಯಾರ್ಥಿಗಳ ದಾಖಲೆ ಪುಸ್ತಕಗಳಲ್ಲಿ ಖಾಲಿ ಬೀಳುವುದು ಆ ದಿನಗಳೇ, ಕೊಳದಲ್ಲಿ ಚಳಿ ಹೆಚ್ಚಿರುವುದೂ ಆಗಲೇ.

ಮೂರನೆಯ ಸಾಲಿನ ಹುಡುಗ ಶಿವರಾತ್ರಿಯ ಮರುದಿನ ಶಾಲೆಗೆ ಒಂದು ನೋಟ್‌ಬುಕ್ ತಂದಿದ್ದ. ಡಿಸೆಂಬರ್ ಕೊನೆಯಿಂದ ನಲವತ್ತೊಂದು ಬೆಳಿಗ್ಗೆಗಳ ದಾಖಲೆ. ಥರ್ಮಾಮೀಟರು ಅವನ ಬಳಿ ಇರಲಿಲ್ಲ. 'ಬಿಸಿಲು', 'ಮೋಡ', 'ಮಂಜು' ಎಂದು ಒಂದು ಕಂಬಸಾಲು, 'ಮೇಲೆ ಬಂದಿತ್ತು', 'ಬಂದಿರಲಿಲ್ಲ' ಎಂದು ಇನ್ನೊಂದು. ಮೊದಲ ಎರಡು ವಾರ 'ಮೇಲೆ ಬಂದಿತ್ತು' ಒಂಬತ್ತು ಸಲ. ಅಜ್ಜಿ ಹೂವನ್ನು ದಾಸವಾಳದ ಬುಡಕ್ಕೆ ಹಾಕಲು ಶುರುಮಾಡಿದ ದಿನವನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ್ದ. ಆಮೇಲೆ ಎರಡೇ ಸಲ, ಎರಡೂ ಮೋಡದ ದಿನ. ಪ್ರಶಿಕ್ಷಣಾರ್ಥಿ ಆ ಪುಟವನ್ನು ತಮ್ಮ ಪಾಠ ಯೋಜನೆಯ ಕಡತಕ್ಕೆ ಅಂಟಿಸಿಕೊಳ್ಳಲು ಕೇಳಿದರು. ಅವನು ಕೊಡಲಿಲ್ಲ. ಬೇಸಿಗೆಯದ್ದೂ ಬರೆಯಬೇಕಂತೆ. ಫೋಟೊ ತೆಗೆದುಕೊಂಡರು.